ನಿಮಗಿದು ಗೊತ್ತೆ? ಕಣ್ಣು ಸರಿದರೆ ಗುರಿಯೂ ಸರಿದೀತು!

ಗುಂಡು ತುಂಬದ ರೈಫಲನ್ನು ಮರಳುಚೀಲದ ಮೇಲೆ ಅಲುಗದಂತಿಟ್ಟು, ಸ್ಕೋಪ್‌ನಲ್ಲಿ ನೋಡುತ್ತ ತಲೆಯನ್ನಷ್ಟೇ ತುಸು ಆಚೀಚೆ ಸರಿಸಿ. ಕೂದಲೆಳೆಯಂಥ ಅಡ್ಡಗೆರೆಗಳು ಗುರಿಯ ಮೇಲೆ ಜಾರಾಡಿದರೆ ಅದೇ ಪ್ಯಾರಲಾಕ್ಸ್. ಗುರಿಯ ಬಿಂಬವೂ ಗೆರೆಗಳೂ ಒಂದೇ ಸಮತಲದಲ್ಲಿ ಇಲ್ಲದಿರುವುದೇ ಕಾರಣ. ಕಣ್ಣಿನ ಬಳಿಯ ಉಂಗುರ ತಿರುಗಿಸಿದರೆ ಗೆರೆಗಳು ಸ್ಪಷ್ಟವಾಗುತ್ತವೆ, ಅಷ್ಟೇ. ಪ್ಯಾರಲಾಕ್ಸ್ ನೀಗಿಸುವುದು ಪಕ್ಕದ ಗುಂಡಿ ಅಥವಾ ಮುಂದಿನ ಮಸೂರದ ಉಂಗುರ. ಅದರ ಮೇಲಿನ ಅಂಕಿಯನ್ನು ಪೂರ್ತಿ ನಂಬಬೇಡಿ. ಗೆರೆ ಜಾರುವುದು ನಿಲ್ಲುವವರೆಗೂ ತಿರುಗಿಸಬೇಕು. ಈ ಸೌಲಭ್ಯವಿಲ್ಲದ ಸ್ಕೋಪ್‌ಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ಅಂದಹಾಗೆ, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಅವರಿಗೆ ಈ ತಲೆನೋವೇ ಇರಲಿಲ್ಲ: 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪ್‌ಗೆ ಅನುಮತಿಯಿಲ್ಲ.