ದೂರದವರು ಹತ್ತಿರ, ಹತ್ತಿರದವರು ದೂರ
(ಹವ್ಯಾಸಿ ಬಾನುಲಿಯನ್ನು ಕುರಿತು ಒಂದು ವಿಚಾರ)

ಹವ್ಯಾಸವೆಂಬುದು ಏಕಾಂತದಲ್ಲಿ ಹುಟ್ಟಿ ಸಂಗದಲ್ಲಿ ಬೆಳೆಯುವಂಥದು. ಹಾಡುವವನಿಗೆ ಕೇಳುವವರು ಬೇಕು; ಚದುರಂಗ ಆಡುವವನಿಗೆ ಎದುರಾಳಿ ಬೇಕು. ಬೆಸುಗೆ ಕಡ್ಡಿ ಹಿಡಿದು ತಂತಿ, ಟ್ರಾನ್ಸಿಸ್ಟರು, ಕೆಪಾಸಿಟರುಗಳ ನಡುವೆ ಕುಳಿತ ಹುಡುಗನಿಗೂ ಅಂತೆಯೇ ತನ್ನಂಥ ಇನ್ನೊಬ್ಬನು ಬೇಕು. ಬೆಂಗಳೂರಿನಂತಹ ನಗರದಲ್ಲಿ ಇಂತಹ ಜೊತೆ ಸಿಕ್ಕುವುದು ಕಷ್ಟವಲ್ಲ. ಆದರೆ ಭತ್ತದ ಗದ್ದೆಗಳ ನಡುವಣ ಹಚ್ಚೊಳ್ಳಿಯಂತಹ ಊರಿನಲ್ಲಿ ಆ ಹುಡುಗನು ಯಾರನ್ನು ಅರಸಬೇಕು? ಎಷ್ಟು ದೂರ ಹೋಗಬೇಕು? ಈ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದು. ಆದರೆ ನಮ್ಮ ಹಳ್ಳಿಗಳ ಎಷ್ಟೋ ಪ್ರತಿಭೆಗಳು ಈ ಪ್ರಶ್ನೆಗೆ ಉತ್ತರ ದೊರೆಯದೆಯೇ ಕಮರಿಹೋಗಿವೆ ಎಂಬುದನ್ನು ಶಿಕ್ಷಕರಾದವರೆಲ್ಲರೂ ಬಲ್ಲರು.

ಒಂದು ರೂಪಾಯಿಯ ವಸ್ತು, ದಿನವೊಂದರ ಪಯಣ

ವಿದ್ಯುನ್ಮಾನದ ಹವ್ಯಾಸಿಗಳು ಕಲೆತಲ್ಲಿ ಮೊದಲು ಬರುವ ಮಾತು ಯಂತ್ರದ್ದಲ್ಲ, ಹಾದಿಯದು. “ನಿಮ್ಮ ಊರು ಯಾವುದು? ಬಿಡಿಭಾಗಗಳನ್ನು ಎಲ್ಲಿಂದ ತರುತ್ತೀರಿ?” ಎಂಬಲ್ಲಿಂದಲೇ ಹರಟೆಯ ಆರಂಭ. ಸಿರುಗುಪ್ಪದಿಂದ ಬಳ್ಳಾರಿ ಸುಮಾರು 55 ಕಿಲೋಮೀಟರ್. ಅಲ್ಲಿ ಸಿಕ್ಕದ ವಸ್ತುವಿಗೆ ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಯೇ ಗತಿ. ಬಳ್ಳಾರಿಯಿಂದ ಅದು 300 ಕಿಲೋಮೀಟರಿಗೂ ಮಿಗಿಲು. ಹೈದರಾಬಾದಿನ ಕೋಟಿಯ ಅಂಗಡಿ ಸಾಲು ಇನ್ನೊಂದು ದಿಕ್ಕಿಗೆ ಹೆಚ್ಚುಕಡಿಮೆ ಅಷ್ಟೇ ದೂರ. ರೂಪಾಯಿಗೊಂದು ಸಿಕ್ಕುವ ರೆಸಿಸ್ಟರಿಗಾಗಿ ನೂರಾರು ರೂಪಾಯಿಯ ಬಸ್ಸಿನ ಚೀಟಿ! “ರೆಸಿಸ್ಟರಿನ ಬೆಲೆಯನ್ನು ಓಮ್‌ನಲ್ಲಿ ಅಳೆಯಬಾರದು, ಕಿಲೋಮೀಟರಿನಲ್ಲಿ ಅಳೆಯಬೇಕು” ಎಂದು ಅವರು ನಗೆಯಾಡುವುದುಂಟು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ, “ಇನ್ನು ಈ ವಿದ್ಯೆಯನ್ನು ಅಕ್ಕತಂಗಿಯರಿಗೇ ಕಲಿಸುವುದು ಲಾಭ” ಎಂಬ ವಿನೋದವೂ ಸೇರಿಕೊಂಡಿತು. ವಿನೋದದಲ್ಲಿ ವಿವೇಕವೂ ಇದೆ. ನಮ್ಮ ಹೆಣ್ಣುಮಕ್ಕಳು ಈ ವಿದ್ಯೆಯನ್ನು ಕಲಿಯಲೇಬೇಕು.

ಇಂದು ಅಂಚೆಯಲ್ಲಿಯೂ ಕೊರಿಯರಿನಲ್ಲಿಯೂ ಬಿಡಿಭಾಗಗಳು ಮನೆಬಾಗಿಲಿಗೆ ಬರುತ್ತವೆ. ಆದರೆ ಗೆಳೆಯನು ಅಂಚೆಯಲ್ಲಿ ಬರುವುದಿಲ್ಲ. ಮಂಡಲವು ಏಕೆ ಉಲಿಯುತ್ತಿಲ್ಲವೆಂದು ಪಕ್ಕದಲ್ಲಿ ಕುಳಿತು ನೋಡಿ, “ಇಲ್ಲಿ ಬೆಸುಗೆ ಬಿಟ್ಟಿದೆ ತಮ್ಮಾ” ಎಂದು ಬೆರಳಿಟ್ಟು ತೋರಿಸುವವನ ಕೊರತೆ ಹಾಗೆಯೇ ಉಳಿದಿದೆ.

ಆಕಾಶಮಾರ್ಗದ ಗೆಳೆತನ

ಈ ಕೊರತೆಗೆ ಹವ್ಯಾಸಿಗಳೇ ಕಂಡುಕೊಂಡ ಪರಿಹಾರವೆಂದರೆ ಹವ್ಯಾಸಿ ಬಾನುಲಿ. ಇದನ್ನು ಲೋಕವೆಲ್ಲ ‘ಹ್ಯಾಮ್ ರೇಡಿಯೊ’ ಎಂದು ಕರೆಯುತ್ತದೆ. ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದವನು ತನ್ನ ಮನೆಯಿಂದಲೇ ಪ್ರೇಷಕವನ್ನು ನಡೆಸಿ, ಲಾಭದ ಆಶೆಯಿಲ್ಲದೆ ಇತರ ಹವ್ಯಾಸಿಗಳೊಡನೆ ಮಾತನಾಡಬಹುದು. ಭಾರತದ ಹವ್ಯಾಸಿಗಳಿಗೆ ದೊರೆಯುವ ಕರೆಹೆಸರು ಸಾಮಾನ್ಯವಾಗಿ ‘ವಿಯು’ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. “ಸಿಕ್ಯೂ, ಸಿಕ್ಯೂ” ಎಂದು ಕೂಗುವುದೆಂದರೆ, “ಕೇಳುತ್ತಿರುವವರು ಯಾರಾದರೂ ಸರಿ, ಉತ್ತರ ಕೊಡಿ” ಎಂದರ್ಥ. ಪರವಾನಗಿಯಿಲ್ಲದೆ ಪ್ರಸಾರ ಮಾಡುವುದು ಮಾತ್ರ ಅಪರಾಧವೆಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಬೇಕು.

ಕನ್ನಡ ನಾಡಿಗೆ ಈ ಹವ್ಯಾಸ ಹೊಸದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ 30 ವಾಟ್ ಶಕ್ತಿಯ ಪ್ರೇಷಕದಿಂದ ತಮ್ಮ ಮನೆಯಲ್ಲಿಯೇ ಪ್ರಸಾರ ಆರಂಭಿಸಿದರು. ಆ ಪುಟ್ಟ ನಿಲಯಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಅಖಿಲ ಭಾರತದ ಬಾನುಲಿಗೇ ಸಂದಿತು. ಅವರು ಬಾನುಲಿಯ ವೃತ್ತಿಯವರಲ್ಲ, ಹವ್ಯಾಸಿ ಎಂಬುದನ್ನು ಇಲ್ಲಿ ನೆನೆಯತಕ್ಕದ್ದು. ಬೆಂಗಳೂರಿನ ಹವ್ಯಾಸಿ ಬಾನುಲಿ ಸಂಘ 1959ರಷ್ಟು ಹಿಂದಿನದು. ಗಡಿಯಾಚೆ ಹೈದರಾಬಾದಿನಲ್ಲಿ ರಾಷ್ಟ್ರೀಯ ಹವ್ಯಾಸಿ ಬಾನುಲಿ ಸಂಸ್ಥೆಯೂ ಇದೆ. ಹೀಗೆ ಎರಡು ಮಹಾನಗರಗಳಲ್ಲಿ ಸಂಘಗಳಿವೆ. ನಡುವಣ ಬಯಲುಸೀಮೆಯವರು ಮಾತ್ರ ಎರಡರಿಂದಲೂ ದೂರ.

ಮೌನ ವಲಯದ ಮರ್ಮ

ಇಲ್ಲಿ ಒಂದು ಸೋಜಿಗವಿದೆ. ಹವ್ಯಾಸಿಯೊಬ್ಬನು 14 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಕೂಗು ಹಾಕಿದರೆ ಸಾವಿರಾರು ಕಿಲೋಮೀಟರ್ ಆಚೆಯ ಪರದೇಶದವನು ಓಗೊಡಬಹುದು. ಪಕ್ಕದ ತಾಲೂಕಿನವನಿಗೆ ಮಾತ್ರ ಆ ಕೂಗು ಕೇಳದು! ಕಾರಣವಿಷ್ಟೆ. ಪ್ರೇಷಕದಿಂದ ಹೊರಟ ಅಲೆಗಳಲ್ಲಿ ಕೆಲವು ನೆಲವನ್ನು ಹಿಡಿದು ಸಾಗುತ್ತವೆ. ಅವು ಕೆಲವು ಹತ್ತು ಕಿಲೋಮೀಟರುಗಳಲ್ಲಿ ಸೊರಗುತ್ತವೆ. ಉಳಿದವು ಮೇಲೇರಿ, ನೂರಾರು ಕಿಲೋಮೀಟರ್ ಎತ್ತರದ ಅಯಾನುಗೋಳದಲ್ಲಿ ಬಾಗಿ, ಬಹುದೂರದಲ್ಲಿ ಮತ್ತೆ ಇಳೆಗಿಳಿಯುತ್ತವೆ. ನೆಲದ ಅಲೆ ಮುಗಿದಲ್ಲಿಂದ ಆಕಾಶದ ಅಲೆ ಇಳಿಯುವಲ್ಲಿಯವರೆಗಿನ ಪಟ್ಟಿಯೇ ಮೌನ ವಲಯ. ದೂರದವರು ಹತ್ತಿರವಾಗುವುದು, ಹತ್ತಿರದವರು ದೂರವಾಗುವುದು ಹೀಗೆ.

ಇದಕ್ಕೆ ಉಪಾಯ ಎರಡು. ಮೊದಲನೆಯದು, ಕಂಪನಾಂಕವನ್ನು 7 ಮೆಗಾಹರ್ಟ್ಸಿಗೆ ಇಳಿಸುವುದು. ಅಲ್ಲಿ ಅಲೆಯುದ್ದ ಸುಮಾರು 40 ಮೀಟರ್. ಅದರ ಅರ್ಧದಷ್ಟು, ಎಂದರೆ 20 ಮೀಟರ್ ಉದ್ದದ ತಾಮ್ರದ ತಂತಿಯನ್ನು ಎರಡು ಬೇವಿನ ಮರಗಳ ನಡುವೆ ಹೆಚ್ಚು ಎತ್ತರವಲ್ಲದಂತೆ ಕಟ್ಟಿ, ನಡುವೆ ಕತ್ತರಿಸಿ ಪ್ರೇಷಕಕ್ಕೆ ಜೋಡಿಸಿದರೆ ಆಂಟೆನಾ ಸಿದ್ಧ. ಆಗ ಅಲೆಗಳು ನೇರ ಮೇಲಕ್ಕೇರಿ, ಕಾರಂಜಿಯ ನೀರಿನಂತೆ ಸುತ್ತಲೂ ಇಳಿಯುತ್ತವೆ. ಹಗಲಿನಲ್ಲಿ ಸಾಮಾನ್ಯವಾಗಿ ಬಳ್ಳಾರಿ, ರಾಯಚೂರು, ಬೆಂಗಳೂರು, ಹೈದರಾಬಾದುಗಳೆಲ್ಲವೂ ಈ ಕಾರಂಜಿಯ ಕೆಳಗೆ ಬರುತ್ತವೆ.

ಎರಡನೆಯದು, 144ರಿಂದ 146 ಮೆಗಾಹರ್ಟ್ಸ್‌ವರೆಗಿನ ಪಟ್ಟಿ. ಈ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಆಂಟೆನಾದ ಎತ್ತರವೇ ಮುಖ್ಯ. ಎತ್ತರವನ್ನು ಮೀಟರಿನಲ್ಲಿ ಅಳೆದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅಲೆ ಮುಟ್ಟುವ ದಿಗಂತವು ಕಿಲೋಮೀಟರಿನಲ್ಲಿ ದೊರೆಯುತ್ತದೆ. ಶಾಲೆಯ ಮಾಳಿಗೆಯ ಮೇಲೆ ನೆಲದಿಂದ 16 ಮೀಟರ್ ಎತ್ತರದಲ್ಲಿ ಆಂಟೆನಾ ಇದ್ದರೆ 16.5 ಕಿಲೋಮೀಟರ್. ಅಂತಹ ಎರಡು ಶಾಲೆಗಳು 33 ಕಿಲೋಮೀಟರ್ ಅಂತರದಲ್ಲಿ ಮಾತನಾಡಬಲ್ಲವು. ಬಯಲಿನಿಂದ 100 ಮೀಟರ್ ಎತ್ತರದ ಗುಡ್ಡದ ಮೇಲೆ ಪುನಃಪ್ರಸಾರ ಯಂತ್ರವಿದ್ದರೆ ಆ ಶಾಲೆಗೂ ಗುಡ್ಡಕ್ಕೂ 57 ಕಿಲೋಮೀಟರ್ ಅಂತರವಿದ್ದರೂ ಸಾಕು. ನಮ್ಮದು ತುಂಗಭದ್ರೆಯ ಬಯಲು. ಅಡ್ಡಬರುವ ಬೆಟ್ಟಗಳು ವಿರಳ, ಬಳ್ಳಾರಿಯ ಕಡೆ ಗುಡ್ಡಗಳಿವೆ. ಬಸ್ಸಿನವನಿಗೆ ದೂರವೆನಿಸಿದ್ದು ಅಲೆಗೆ ದೂರವಲ್ಲ. ಆದೋನಿಯ ಗೆಳೆಯನೊಡನೆ ಮಾತನಾಡಲು ಆಂಧ್ರದ ಗಡಿಯೂ ಅಡ್ಡಿಯಲ್ಲ.

ಆಪತ್ಕಾಲದ ಬಂಧು

ಇದು ಕೇವಲ ವಿನೋದವೆಂದು ಭಾವಿಸತಕ್ಕದ್ದಲ್ಲ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹವ್ಯಾಸಿ ಮತ್ತು ಅವರ ಸಂಗಡಿಗರು ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ ಹವ್ಯಾಸಿ ನಿಲಯ ನಡೆಸುತ್ತಿದ್ದರು. ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿ ದೂರವಾಣಿ ಕೆಟ್ಟಾಗ, ದ್ವೀಪದ ಜನರ ಕ್ಷೇಮಸಮಾಚಾರವನ್ನು ಮುಖ್ಯ ಭೂಭಾಗಕ್ಕೆ ಮುಟ್ಟಿಸಿದ್ದು ಅವರ ಪ್ರೇಷಕ. ನಮ್ಮ ಸೀಮೆಯೂ ನೀರಿನ ಕೋಪವನ್ನು ಬಲ್ಲದು. 2009ರ ಸೆಪ್ಟೆಂಬರ್ ಅಂತ್ಯ ಹಾಗೂ ಅಕ್ಟೋಬರ್ ಆರಂಭದ ಮಹಾಪೂರ ಉತ್ತರ ಕರ್ನಾಟಕವನ್ನು ನಲುಗಿಸಿದಾಗ ಸಿರುಗುಪ್ಪದ ನದೀತೀರವೂ ಸಂಕಟಕ್ಕೀಡಾಯಿತು. ವಿದ್ಯುತ್ತು ನಿಂತು, ಕೈದೂರವಾಣಿಯ ಗೋಪುರಗಳು ಮೂಕವಾದಾಗ, ಕಾರಿನ ಬ್ಯಾಟರಿಯೊಂದರಿಂದ ನಡೆಯುವ ಹವ್ಯಾಸಿ ನಿಲಯ ಊರಿನ ನಾಲಗೆಯಾಗಬಲ್ಲದು. ಆದರೆ ಆ ದಿನ ಹುಡುಕಿದರೆ ಹವ್ಯಾಸಿ ಸಿಕ್ಕುವುದಿಲ್ಲ. ಅವನನ್ನು ಮುಂಚೆಯೇ ಬೆಳೆಸಿರಬೇಕು.

ಶಾಲೆಯ ಕರ್ತವ್ಯ

ಇಂತಹ ಮಕ್ಕಳು ಒಬ್ಬರನ್ನೊಬ್ಬರು ಕಂಡುಕೊಳ್ಳಲು ಗ್ರಾಮಾಂತರದಲ್ಲಿ ಶಾಲೆಗಿಂತ ಯೋಗ್ಯವಾದ ಸ್ಥಳ ಬೇರೊಂದಿಲ್ಲ. ಇದಕ್ಕೆ ಬೇಕಾದುದು ಅಲ್ಪ: ಒಂದು ಕೋಣೆ, ಒಂದು ಮೇಜು, ಎರಡು ಬೆಸುಗೆ ಕಡ್ಡಿ, ಒಂದು ಮಾಪಕ, ಎಲ್ಲರಿಗೂ ಸೇರಿದ ಒಂದು ಬಿಡಿಭಾಗಗಳ ಪೆಟ್ಟಿಗೆ. ಒಬ್ಬೊಬ್ಬನೂ ಬೆಂಗಳೂರಿಗೆ ಓಡುವ ಬದಲು ಹತ್ತು ಜನರ ಪಟ್ಟಿ ಹಿಡಿದು ಒಬ್ಬನು ಹೋಗಿಬಂದರೆ ದೂರವೂ ಹತ್ತು ಪಾಲಾಗಿ ಹಂಚಿಹೋಗುತ್ತದೆ. ಸುತ್ತಲ ಊರುಗಳಲ್ಲಿ ಬಾನುಲಿ, ಮೋಟಾರು, ದೂರದರ್ಶನಗಳನ್ನು ದುರಸ್ತಿ ಮಾಡುವ ಅನುಭವಿಗಳು ಇದ್ದೇ ಇದ್ದಾರೆ. ತಿಂಗಳಿಗೊಂದು ಭಾನುವಾರ ಅವರನ್ನು ಗೌರವದಿಂದ ಕರೆದರೆ ಮಕ್ಕಳಿಗೆ ಗುರುಗಳು ದೊರೆತಂತಾಯಿತು. ಬಳ್ಳಾರಿಯ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ಇಂಜಿನಿಯರಿಂಗ್ ಕಾಲೇಜು 1980ರಿಂದಲೂ ನಮ್ಮ ಜಿಲ್ಲೆಯ ಕೇಂದ್ರದಲ್ಲಿದೆ. ಅಂತಹ ಕಡೆ ಕಲಿತ, ಕಲಿಸುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆರಡು ಬಾರಿ ಊರಿಗೆ ಬಂದು ಮಕ್ಕಳೊಡನೆ ಕುಳಿತರೆ ಅದಕ್ಕಿಂತ ಹಿರಿದಾದ ದಾನವಿಲ್ಲ.

ದಾನಿಗಳು ಕಟ್ಟಡಕ್ಕೆ ಕಲ್ಲು ಕೊಟ್ಟಿದ್ದಾರೆ, ಅನ್ನಕ್ಕೆ ಅಕ್ಕಿ ಕೊಟ್ಟಿದ್ದಾರೆ. ಆ ಕಟ್ಟಡದ ಮಾಳಿಗೆಯ ಮೇಲೆ ಇಪ್ಪತ್ತು ಮೀಟರ್ ತಂತಿಗೂ ಸ್ಥಳ ದೊರೆಯಲಿ. ಮೌನ ವಲಯವೆಂಬುದು ಅಲೆಗಳ ದೋಷವಲ್ಲ. ತಕ್ಕ ಕಂಪನಾಂಕವನ್ನು ಆರಿಸಿಕೊಂಡರೆ ಅದು ತಾನಾಗಿ ಅಳಿಯುತ್ತದೆ. ಊರೂರಿನ ಮಕ್ಕಳ ನಡುವಣ ಮೌನವೂ ಹಾಗೆಯೇ ಅಳಿಯಲೆಂದು ಹಾರೈಸೋಣ.