ಪುಟ್ ಒಂದೇ, ಅರ್ಥ ಹಲವು: ಡಿಯರ್‌ಬಾರ್ನ್‌ನ ಪಾಠ, ನಮ್ಮ ಸೈಟಿನ ಮಾತು

ಗಲ್ಫಿಗೆ ಬಂದ ಕನ್ನಡಿಗರು ಭಾಷೆಗೆ ಹೆದರುವವರಲ್ಲ. ಊರಿನಲ್ಲೇ ತುಳು, ಕೊಂಕಣಿ, ಬ್ಯಾರಿ, ಉರ್ದು ಕೇಳಿ ಬೆಳೆದವರು ನಾವು. ಇಲ್ಲಿಗೆ ಬಂದ ಕೆಲವೇ ತಿಂಗಳಲ್ಲಿ ಹಿಂದಿ, ಮಲಯಾಳಂ ನಾಲಿಗೆಗೆ ಹತ್ತುತ್ತವೆ. ‘ಯಲ್ಲಾ’, ‘ಖಲಾಸ್’ ಅಂತೂ ನಮ್ಮವೇ ಆಗಿಬಿಡುತ್ತವೆ. ಆದರೆ ಇಂಗ್ಲಿಷಿನ ಸಣ್ಣ ಪದಗಳ ಎದುರು ನಮ್ಮಲ್ಲಿ ಬಹಳ ಮಂದಿ ತಡವರಿಸುತ್ತೇವೆ. ‘ಸ್ಕ್ಯಾಫೋಲ್ಡಿಂಗ್’, ‘ಹೈಡ್ರಾಲಿಕ್’ನಂಥ ಉದ್ದದ ಪದಗಳು ಕಾಡುವುದಿಲ್ಲ, ಅವಕ್ಕೆ ಒಂದೇ ಅರ್ಥ. ಕಾಡುವುದು ‘ಪುಟ್’, ‘ಗೆಟ್’, ‘ಟರ್ನ್’. ಇವುಗಳ ಹಿಂದೆ ಬರುವ ಆನ್, ಆಫ್, ಔಟ್, ಅಪ್ ಬದಲಾದರೆ ಇಡೀ ಮಾತೇ ಬದಲು.

ಈ ಕಷ್ಟ ನಮ್ಮದು ಮಾತ್ರವಲ್ಲ. ನೂರು ವರ್ಷಕ್ಕೂ ಹಿಂದೆ ಅಮೆರಿಕದ ಡೆಟ್ರಾಯಿಟ್ ಸೀಮೆಯಲ್ಲಿ ಸಾವಿರಾರು ಕಾರ್ಮಿಕರು ಇದನ್ನೇ ಎದುರಿಸಿದ್ದರು.

ಫೋರ್ಡ್ ಕಾರ್ಖಾನೆಯ ಇಂಗ್ಲಿಷ್ ಶಾಲೆ

ಡಿಯರ್‌ಬಾರ್ನ್ ಡೆಟ್ರಾಯಿಟ್‌ಗೆ ಅಂಟಿಕೊಂಡಿರುವ ಊರು. ಹೆನ್ರಿ ಫೋರ್ಡ್ 1863ರಲ್ಲಿ ಹುಟ್ಟಿದ್ದು ಇಲ್ಲಿನ ಒಂದು ಹೊಲಮನೆಯಲ್ಲಿ. ಫೋರ್ಡ್ ಕಂಪನಿಯ ಪ್ರಧಾನ ಕಚೇರಿ ಇರುವುದೂ ಇಲ್ಲೇ. 1914ರಲ್ಲಿ ಕಂಪನಿಯ ದೊಡ್ಡ ಕಾರ್ಖಾನೆ ಹತ್ತಿರದ ಹೈಲ್ಯಾಂಡ್ ಪಾರ್ಕ್‌ನಲ್ಲಿತ್ತು. ಆ ವರ್ಷದ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಎಂದು ಘೋಷಣೆಯಾಯಿತು. ಪೋಲೆಂಡ್, ಇಟಲಿ, ರಷ್ಯಾ, ಸಿರಿಯಾ ಕಡೆಯಿಂದ ಬಂದು ಅಲ್ಲಿ ದುಡಿಯುತ್ತಿದ್ದ ಅನೇಕರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವರಿಗಾಗಿ ಅದೇ ವರ್ಷ ‘ಫೋರ್ಡ್ ಇಂಗ್ಲಿಷ್ ಸ್ಕೂಲ್’ ಶುರುವಾಯಿತು. ವೈಎಂಸಿಎಯ ಪೀಟರ್ ರಾಬರ್ಟ್ಸ್ ರೂಪಿಸಿದ ಪಾಠಗಳನ್ನು ಕಾರ್ಖಾನೆಯ ನೌಕರರೇ ಸ್ವಯಂಸೇವಕರಾಗಿ ನಿಂತು ಕಲಿಸುತ್ತಿದ್ದರು.

ಅಲ್ಲಿ ಪಾಠ ವ್ಯಾಕರಣದಿಂದ ಶುರುವಾಗುತ್ತಿರಲಿಲ್ಲ. ಬೆಳಿಗ್ಗೆ ಏಳುವುದು, ಮುಖ ತೊಳೆಯುವುದು, ಬಟ್ಟೆ ಹಾಕಿಕೊಳ್ಳುವುದು, ತಿಂಡಿ ತಿನ್ನುವುದು: ಇವನ್ನು ಮೇಷ್ಟ್ರು ಮಾಡಿ ತೋರಿಸುತ್ತ ವಾಕ್ಯ ಹೇಳುವರು, ಕಾರ್ಮಿಕರು ತಾವೂ ಮಾಡುತ್ತ ಹೇಳುವರು. ಹೀಗೆ ಕಲಿತವನಿಗೆ ‘ಗೆಟ್ ಅಪ್’ ಎಂದರೆ ಮೈ ಏಳಬೇಕು, ‘ಪುಟ್ ಆನ್’ ಎಂದರೆ ಕೈ ಅಂಗಿಯತ್ತ ಹೋಗಬೇಕು. ಅರ್ಥ ಮೊದಲು ಮೈಗೆ, ಆಮೇಲೆ ಪುಸ್ತಕಕ್ಕೆ.

ಆ ಶಾಲೆಗೆ ಇನ್ನೊಂದು ಮುಖವೂ ಇತ್ತು. ಇಂಗ್ಲಿಷ್ ಬಾರದವರು ಹೋಗಲೇಬೇಕಿತ್ತು, ಅದೂ ಕೆಲಸದ ಹೊತ್ತಿನಾಚೆ. 5 ಡಾಲರ್‌ಗೆ ಅರ್ಹರೇ ಎಂದು ನೋಡಲು ಕಂಪನಿಯ ಜನ ಕಾರ್ಮಿಕರ ಮನೆಗೇ ಬರುತ್ತಿದ್ದರು. ಪದವಿ ಪ್ರದಾನದ ದಿನ ವೇದಿಕೆಯ ಮೇಲೆ ದೊಡ್ಡದೊಂದು ಕಡಾಯಿ ಇಟ್ಟು, ತಮ್ಮ ನಾಡಿನ ಉಡುಪಿನಲ್ಲಿ ಅದರೊಳಗೆ ಇಳಿದವರು ಅಮೆರಿಕದ ಸೂಟು ತೊಟ್ಟು ಹೊರಬರುವ ಪ್ರದರ್ಶನ ಮಾಡಿಸಿದರು. ಭಾಷೆ ಕಲಿಯಲು ತನ್ನತನವನ್ನು ಕಡಾಯಿಗೆ ಹಾಕಬೇಕಿಲ್ಲ ಎಂಬುದು ಅಲ್ಲಿಯ ಮುಂದಿನ ತಲೆಮಾರುಗಳನ್ನು ನೋಡಿದರೆ ತಿಳಿಯುತ್ತದೆ. ಕಂಪನಿಯ ರೂಜ್ ಕಾರ್ಖಾನೆ ಡಿಯರ್‌ಬಾರ್ನ್‌ನಲ್ಲಿ ಎದ್ದಾಗ ಅರಬ್ ಕಾರ್ಮಿಕರು ಅದರ ಸುತ್ತ ಮನೆ ಮಾಡಿದರು. ಇಂದು ಆ ಊರಿನಲ್ಲಿ ಅರಬ್ ಮೂಲದವರೇ ಹೆಚ್ಚು. ಅಂಗಡಿ ಬೋರ್ಡುಗಳಲ್ಲಿ ಅರಬಿಯೂ ಇದೆ, ಇಂಗ್ಲಿಷೂ ಇದೆ. 1971ರಲ್ಲಿ ಅಲ್ಲಿ ಹುಟ್ಟಿದ ‘ಆಕ್ಸೆಸ್’ ಸಂಸ್ಥೆ ಹೊಸದಾಗಿ ಬಂದವರಿಗೆ ಇಂಗ್ಲಿಷ್ ಕಲಿಸುತ್ತ ಬಂದಿದೆ. ಅದೇ ಡೆಟ್ರಾಯಿಟ್ ಸೀಮೆಯಲ್ಲಿ ನಮ್ಮವರ ‘ಪಂಪ ಕನ್ನಡ ಕೂಟ’ವೂ ಇದೆ.

‘ಪುಟ್’ನ ಮುಖಗಳು

ಈಗ ನಮ್ಮ ಸೈಟಿಗೆ ಬರೋಣ. ‘ಪುಟ್’ ಒಂದನ್ನೇ ತೆಗೆದುಕೊಳ್ಳೋಣ.

ಪುಟ್ ಆನ್: ಹಾಕಿಕೊಳ್ಳುವುದು. ಹೆಲ್ಮೆಟ್, ಗ್ಲೌಸ್, ಸೇಫ್ಟಿ ಬೆಲ್ಟ್. ಇದರ ವಿರುದ್ಧ ಪದ ‘ಪುಟ್ ಆಫ್’ ಅಲ್ಲ, ‘ಟೇಕ್ ಆಫ್’.

ಪುಟ್ ಆಫ್: ಮುಂದೂಡುವುದು. ‘ಲೈಟ್ ಪುಟ್ ಆಫ್ ಮಾಡು’ ಎಂದು ನಮ್ಮಲ್ಲಿ ರೂಢಿ. ಅಮೆರಿಕದವರು ಅದಕ್ಕೆ ‘ಟರ್ನ್ ಆಫ್’ ಎನ್ನುತ್ತಾರೆ. ರಜೆ ‘ಪುಟ್ ಆಫ್’ ಆಗಿದೆ ಎಂದರೆ ರದ್ದಾಗಿಲ್ಲ, ಮುಂದೆ ಹೋಗಿದೆ ಅಷ್ಟೆ. ರದ್ದಾದರೆ ‘ಕ್ಯಾನ್ಸಲ್’ ಅಥವಾ ‘ಕಾಲ್ ಆಫ್’. ಊರಿನ ಟಿಕೆಟ್ ಮಾಡಿಸಿದವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಪುಟ್ ಔಟ್: ಬೆಂಕಿ, ಸಿಗರೇಟು ನಂದಿಸುವುದು. ಆಫ್ ಮತ್ತು ಔಟ್ ನಡುವೆ ಗೊಂದಲವಾಗಬಾರದ ಜಾಗ ಇದು. ಬೆಂಕಿ ನಾಳೆಯವರೆಗೆ ಕಾಯುವುದಿಲ್ಲ.

ಪುಟ್ ಅಪ್: ಸ್ಕ್ಯಾಫೋಲ್ಡಿಂಗ್, ಬೋರ್ಡ್, ಟೆಂಟ್ ನಿಲ್ಲಿಸುವುದು. ಆದರೆ ಹಿಂದೆ ‘ವಿತ್’ ಸೇರಿ ‘ಪುಟ್ ಅಪ್ ವಿತ್’ ಆದರೆ ಸಹಿಸಿಕೊಳ್ಳುವುದು. ಅದರ ಅರ್ಥ ನಮಗೆ ಯಾರೂ ಹೇಳಿಕೊಡಬೇಕಿಲ್ಲ!

ಪುಟ್ ಇನ್: ದುಡಿದ ಗಂಟೆಗಳ ಲೆಕ್ಕದಲ್ಲಿ ಬರುವ ಮಾತು. ‘ಹತ್ತು ಗಂಟೆ ಪುಟ್ ಇನ್ ಮಾಡಿದ್ದೇನೆ’ ಎಂದರೆ ಅಷ್ಟು ಹೊತ್ತು ಕೆಲಸ ಮಾಡಿದ್ದೇನೆ. ‘ಪುಟ್ ಇನ್ ಫಾರ್ ಲೀವ್’ ಎಂದರೆ ರಜೆಗೆ ಅರ್ಜಿ ಹಾಕುವುದು.

ಪುಟ್ ಅವೇ: ಬಳಸಿದ ಸಾಮಾನನ್ನು ಅದರ ಜಾಗದಲ್ಲಿಡುವುದು. ಪುಟ್ ಡೌನ್: ಕೆಳಗಿಡುವುದು; ಮನುಷ್ಯರ ಬಗ್ಗೆ ಹೇಳಿದರೆ ಹೀಯಾಳಿಸುವುದು.

ಎರಡು ಅನುಕೂಲಗಳೂ ಇವೆ. ಒಂದು, ‘ಪುಟ್’ಗೆ ಭೂತಕಾಲದಲ್ಲೂ ‘ಪುಟ್’ ಎಂದೇ ರೂಪ. ಇನ್ನೊಂದು, ‘ಇಟ್’ ಬಂದರೆ ನಡುವೆ ಕೂರಿಸಿ: ‘ಪುಟ್ ಇಟ್ ಆನ್’, ‘ಪುಟ್ ಇಟ್ ಔಟ್’. ‘ಪುಟ್ ಅಪ್ ವಿತ್’ ಮಾತ್ರ ಬಿಡಿಸಲಾಗದ ಜೋಡಿ. ಅಲ್ಲಿ ‘ಇಟ್’ ಕೊನೆಗೆ. ಕೇಳುವಾಗ ಕೊನೆಯ ಸಣ್ಣ ಪದಕ್ಕೆ ಕಿವಿಗೊಡಿ. ಅರ್ಥದ ಬೀಗದ ಕೈ ಅಲ್ಲಿದೆ.

ಇದು ನಮಗೆ ಹೊಸದಲ್ಲ

ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ: ಸಂಸ್ಕೃತದಿಂದ ಬಂದ ಈ ಪದಗಳಿಗೆಲ್ಲ ಧಾತು ಒಂದೇ. ಮುಂದಿನ ಉಪಸರ್ಗ ಬದಲಾದಂತೆ ಊಟ ಹೊಡೆತವಾಯಿತು, ಸುತ್ತಾಟ ಕೊಲೆಯಾಯಿತು. ಇಂಗ್ಲಿಷ್ ಆ ಸಣ್ಣ ಪದವನ್ನು ಹಿಂದೆ ಇಟ್ಟಿದೆ, ಅಷ್ಟೆ. ಅಚ್ಚಗನ್ನಡದ ‘ಬೀಳು’ ನೋಡಿ: ಕಾಲಿಗೆ ಬಿದ್ದ, ಬೆನ್ನು ಬಿದ್ದ, ಗಂಟು ಬಿದ್ದ, ಮೇಲೆ ಬಿದ್ದ. ಇವುಗಳಲ್ಲಿ ಯಾರೂ ನಿಜವಾಗಿ ಜಾರಿ ಬೀಳಬೇಕಿಲ್ಲ. ‘ಹಿಂದೆ ಬಿದ್ದ’ ಎಂದರೆ ಓಟದಲ್ಲಿ ಸೋತ ಎಂದೂ ಆಗಬಹುದು, ಬಿಡದೆ ಬೆನ್ನಟ್ಟಿದ ಎಂದೂ ಆಗಬಹುದು. ಇದನ್ನೆಲ್ಲ ನಾವು ಯಾವ ಪಟ್ಟಿಯಿಂದಲೂ ಬಾಯಿಪಾಠ ಮಾಡಲಿಲ್ಲ. ಸಂದರ್ಭದೊಳಗೆ ಕೇಳಿ ಕಲಿತೆವು.

ಇಂಗ್ಲಿಷನ್ನೂ ಹಾಗೇ ಕಲಿಯಬಹುದು. ‘ಪುಟ್’ ಬೇರೆ, ‘ಔಟ್’ ಬೇರೆ ಎನ್ನದೆ ‘ಪುಟ್ ಔಟ್ ದ ಫೈರ್’ ಎಂದು ಇಡಿಯಾಗಿ ಹಿಡಿಯಬೇಕು. ಕ್ಯಾಂಪ್ ರೂಮಿನಲ್ಲಿ ಇಬ್ಬರು ಸೇರಿ ಒಬ್ಬರು ಹೇಳಿ, ಇನ್ನೊಬ್ಬರು ಮಾಡಿ ತೋರಿಸಿದರೆ ದಿನಕ್ಕೆ ಎರಡು ಜೋಡಿ ಕಷ್ಟವಲ್ಲ. ಬೆಳಗಿನ ಸೇಫ್ಟಿ ಮೀಟಿಂಗ್‌ನಲ್ಲಿ ಕಿವಿಗೆ ಬಿದ್ದ ಹೊಸ ಜೋಡಿಯನ್ನು ಕನ್ನಡ ಲಿಪಿಯಲ್ಲೇ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಹಿರಿಯ ಸಹೋದ್ಯೋಗಿಗಳು ಹೊಸಬರ ಉಚ್ಚಾರಕ್ಕೆ ನಗದೆ ಅರ್ಥ ಹೇಳಿಕೊಟ್ಟರೆ ಅದಕ್ಕಿಂತ ದೊಡ್ಡ ಶಾಲೆ ಬೇಡ.

ಮತ್ತೆ, ಗೊತ್ತಾಗದ ಆದೇಶಕ್ಕೆ ತಲೆಯಾಡಿಸಬೇಡಿ. ಗೊತ್ತಾಗದ ಕಾಗದಕ್ಕೆ ಸಹಿ ಹಾಕಬೇಡಿ. ‘ಇನ್ನೊಮ್ಮೆ ಹೇಳಿ’ ಎಂದು ಕೇಳುವುದರಲ್ಲಿ ನಾಚಿಕೆಯಿಲ್ಲ. ಆನ್, ಆಫ್, ಔಟ್ ಎಂಬ ಸಣ್ಣ ಪದಗಳ ಮೇಲೆ ಕೆಲವೊಮ್ಮೆ ನಮ್ಮ ರಜೆ, ಸಂಬಳ, ಜೀವ ಮೂರೂ ನಿಂತಿರುತ್ತವೆ.