ಒಳ್ಳೆಮೆಣಸಿನ ಬುಡ ಕಾಯುವ ಸೂಕ್ಷ್ಮಜೀವಿಗಳು

ಆಟಿ ತಿಂಗಳಲ್ಲಿ ಒಳ್ಳೆಮೆಣಸಿನ ಬಳ್ಳಿ ಹೇಗೆ ಸಾಯುತ್ತದೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಎಲೆಯಲ್ಲಿ ಕಪ್ಪು ಚುಕ್ಕೆ ಕಾಣಿಸುತ್ತದೆ, ಬುಡ ಕೊಳೆಯುತ್ತದೆ. ಕೆಲವೇ ವಾರಗಳಲ್ಲಿ ಎಲೆಗಳೆಲ್ಲ ಉದುರಿ ಬರೀ ಅಡಿಕೆಮರ ಉಳಿಯುತ್ತದೆ. ಹತ್ತು ವರ್ಷ ಸಾಕಿದ ಬಳ್ಳಿಗಳು ಹೋದರೆ ಮಕ್ಕಳ ಕಾಲೇಜು ಫೀಸಿನ ಹಣವೇ ಹೋದಂತೆ. ಈ ಶೀಘ್ರ ಸೊರಗು ರೋಗಕ್ಕೆ ಕಾರಣ ಫೈಟೊಫ್ತೊರಾ. ಅಡಿಕೆಯ ಕೊಳೆರೋಗ ತರುವುದೂ ಇದೇ ಕುಲದ್ದು. ವಿಜ್ಞಾನಿಗಳು ಈಗ ಇದನ್ನು ನಿಜವಾದ ಶಿಲೀಂಧ್ರವೆಂದು ಎಣಿಸುವುದಿಲ್ಲ. ಆದರೆ ತೋಟದಲ್ಲಿ ಇದರ ನಡತೆ ಶಿಲೀಂಧ್ರದ್ದೇ.

ಕೃಷಿ ಭವನದಲ್ಲಿ ಕೊಡುವ ಸ್ಯೂಡೊಮೊನಾಸ್ ಪುಡಿಯನ್ನು ನೋಡಿ, "ಫಾದರ್, ಈ ಬಿಳಿ ಪುಡಿಯಲ್ಲಿ ಏನುಂಟು?" ಎಂದು ಕೇಳುವವರಿದ್ದಾರೆ. ಬಿಳಿಯಾಗಿ ಕಾಣುವುದು ಟಾಲ್ಕ್ ಮಾತ್ರ. ಅದರೊಳಗೆ ಜೀವಂತ ಬ್ಯಾಕ್ಟೀರಿಯಾಗಳಿವೆ. ಇವು ಬೇರಿನ ಸುತ್ತ ನೆಲೆಸಿ, ಬೇರು ಒಸರುವ ಸಕ್ಕರೆಯಂಥ ರಸವನ್ನು ಉಂಡು ಬದುಕುತ್ತವೆ. ತಮ್ಮ ಜಾಗ ಉಳಿಸಿಕೊಳ್ಳಲು ಫಿನಜಿನ್, ಪೈರೋಲ್ನಿಟ್ರಿನ್ ಮುಂತಾದ ವಿಷವಸ್ತುಗಳನ್ನು ತಯಾರಿಸಿ ರೋಗಕಾರಕಗಳನ್ನು ತಡೆಯುತ್ತವೆ. ಮಣ್ಣಿನ ಕಬ್ಬಿಣವನ್ನು ಸೆಳೆದುಕೊಳ್ಳುವ ಹಳದಿ-ಹಸಿರು ಬಣ್ಣದ ವಸ್ತುವೊಂದನ್ನೂ ಬಿಡುತ್ತವೆ. ಕಬ್ಬಿಣ ಸಿಗದ ರೋಗಾಣು ಸೊರಗುತ್ತದೆ. ಗಿಡದ ಸ್ವಂತ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವುದು ಇವುಗಳ ಇನ್ನೊಂದು ಕೆಲಸ.

ಇದು ಮನುಷ್ಯ ಕಲಿಸಿದ ವಿದ್ಯೆಯಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದೇ ಹೊಲದಲ್ಲಿ ವರ್ಷ ವರ್ಷವೂ ಗೋಧಿ ಬೆಳೆದಾಗ ಬೇರುಕೊಳೆ ರೋಗ ಮೊದಲು ಹೆಚ್ಚಿ, ಕೆಲವು ವರ್ಷಗಳ ಬಳಿಕ ತಾನಾಗಿ ತಗ್ಗುವುದನ್ನು ರೈತರು ಕಂಡಿದ್ದರು. ಆ ಮಣ್ಣನ್ನು ಬಿಸಿಮಾಡಿದರೆ ಈ ಗುಣ ಹೋಗುತ್ತಿತ್ತು. ಅದೇ ಮಣ್ಣು ಸ್ವಲ್ಪ ಬೇರೆ ಮಣ್ಣಿಗೆ ಬೆರೆಸಿದರೆ ಅಲ್ಲಿಗೂ ಬರುತ್ತಿತ್ತು. ಹುಡುಕಿದಾಗ ಸಿಕ್ಕಿದ್ದು ಬೇರಿನ ಮೇಲಿನ ಇದೇ ಜಾತಿಯ ಬ್ಯಾಕ್ಟೀರಿಯಾಗಳು. ಪೈರೋಲ್ನಿಟ್ರಿನ್ ಜಪಾನಿನವರಿಗೆ 1964ರಲ್ಲಿ ಸಿಕ್ಕಿತು. ಬಿಸಿಲಿಗೆ ಅದು ಬೇಗ ಕೆಡುವುದರಿಂದ, ಅದರ ಮಾದರಿಯಲ್ಲೇ ಬೀಜೋಪಚಾರದ ಫ್ಲುಡಿಯಾಕ್ಸೊನಿಲ್ ತಯಾರಾಯಿತು. ಭತ್ತದ ಬೆಂಕಿರೋಗಕ್ಕೆ ಬಳಸುವ ಕಸುಗಮೈಸಿನ್ ಕೂಡ ಬ್ಯಾಕ್ಟೀರಿಯಾದ್ದೇ ಕೊಡುಗೆ.

ನಾವು ಮಾಡಿದ ತಪ್ಪನ್ನೂ ಹೇಳಬೇಕು. ಇಗರ್ಜಿಯ ತೋಟದಲ್ಲಿ ಪುಡಿಯನ್ನು ಬುಡಕ್ಕೆ ಹಾಕಿದ ವಾರದಲ್ಲೇ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನೂ ಧಾರಾಳವಾಗಿ ಹೊಯ್ಸಿದೆವು. ಎರಡು ಮದ್ದು ಸೇರಿದರೆ ಬಲ ಹೆಚ್ಚೆಂದು ಎಣಿಸಿದ್ದೆವು! ತಾಮ್ರ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ ಎಂಬುದನ್ನು ಮರೆತದ್ದರಿಂದ ಪುಡಿಯ ಹಣ ಮಣ್ಣುಪಾಲಾಯಿತು. ಇವೆರಡರ ನಡುವೆ ಕನಿಷ್ಠ 15 ದಿನ ಅಂತರವಿರಲಿ.

ಬಳಸುವ ಪ್ರಮಾಣ ಲೀಟರ್ ನೀರಿಗೆ 20 ಗ್ರಾಂ. ಮಳೆ ಹಿಡಿಯುವ ಮೊದಲು ಬುಡದ ಸುತ್ತ ಹೊಯ್ಯಬೇಕು, ಎಲೆಗೂ ಸಿಂಪಡಿಸಬಹುದು. ಹೊಸ ಬಳ್ಳಿ ನೆಡುವಾಗ ಬೇರನ್ನು ಇದೇ ದ್ರಾವಣದಲ್ಲಿ ಅದ್ದಿ ನೆಟ್ಟರೆ ಇನ್ನೂ ಒಳ್ಳೆಯದು. ಸಂಜೆಯ ಹೊತ್ತು ಮಾಡಿ, ಬಿಸಿಲು ಇದಕ್ಕೆ ಆಗದು. ಬುಡದಲ್ಲಿ ಹಟ್ಟಿಗೊಬ್ಬರವಿದ್ದರೆ ಜೀವಿಗಳು ನಿಲ್ಲುತ್ತವೆ. ಆದರೆ ನೀರು ನಿಲ್ಲುವ ತೋಟದಲ್ಲಿ ಯಾವ ಪುಡಿಯೂ ಬಳ್ಳಿಯನ್ನು ಉಳಿಸದು. ಕಣಿ ಬಿಡಿಸುವ ಕೆಲಸ ಮೊದಲಾಗಬೇಕು. ಕೊಳೆತ ಬಳ್ಳಿಗೆ ಇದು ಜೀವ ಕೊಡುವುದಿಲ್ಲ, ಅದನ್ನು ಕಿತ್ತು ಸುಡಿ.

ಎಂಡೋಸಲ್ಫಾನನ್ನು 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸುವ ಮೊದಲು ನಮ್ಮ ಕಾಸರಗೋಡಿನ ಗೇರುತೋಪುಗಳ ಸುತ್ತಲಿನವರು ಪಟ್ಟ ಪಾಡು ಗೊತ್ತಿರುವವರಿಗೆ, ಇಂಥ ಮದ್ದಿನ ಬೆಲೆ ತಿಳಿಯುತ್ತದೆ. ಹಾಗೆಂದು ಅಸಡ್ಡೆ ಬೇಡ. ಪುಡಿ ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿ, ಕೈಯಲ್ಲಿ ಗಾಯವಿದ್ದರೆ ಕೈಚೀಲ ಹಾಕಿ, ಮತ್ತೆ ಸಾಬೂನಿನಿಂದ ತೊಳೆಯಿರಿ. ಪ್ಯಾಕೆಟನ್ನು ತಂಪಾದ ನೆರಳಿನಲ್ಲಿಡಿ. ತರುವಾಗಲೇ ತಾರೀಕು ನೋಡಿ, ಅವಧಿ ಮುಗಿದದ್ದರಲ್ಲಿ ಟಾಲ್ಕ್ ಬಿಟ್ಟರೆ ಹೆಚ್ಚೇನೂ ಉಳಿದಿರುವುದಿಲ್ಲ.